ಟ್ರೈನಿಂಗ್ ಮಿಷನ್ ಎಲ್ಲಾ ಪಾಸ್, ಖಾಲಿ ಕಾಕ್‌ಪಿಟ್‌ನಲ್ಲಿ ಫೇಲ್

ಹೊಸಹಕ್ಕಿ
ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ (ಸಿಮ್) ಎಫ್-16 ಯುದ್ಧವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ಯಾವ ಸಿಮ್ ಅಂತ ಬರೆಯುವುದಿಲ್ಲ. ಬರೆದರೆ ಚರ್ಚೆ ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಟ್ರೈನಿಂಗ್ ಮಿಷನ್ ಒಂದೊಂದಾಗಿ ಮುಗಿಸಿದೆ. ಎಂಜಿನ್ ಸ್ಟಾರ್ಟ್, ಟ್ಯಾಕ್ಸಿ, ಟೇಕಾಫ್, ಲ್ಯಾಂಡಿಂಗ್, ರಡಾರ್, ಸೈಡ್‌ವೈಂಡರ್ ಮಿಸೈಲ್, ಬಾಂಬ್. ಎಲ್ಲವೂ ಪಾಸ್. ನಿನ್ನೆ ರಾತ್ರಿ ಅದೇ ಖುಷಿಯಲ್ಲಿ ಮಿಷನ್ ಎಡಿಟರ್ ತೆಗೆದು, ಎಂಜಿನ್ ಆಫ್ ಆಗಿರುವ ಒಂದು ವಿಮಾನ ಇಟ್ಟು, ಒಳಗೆ ಹೋಗಿ ಕೂತೆ.

ಕೂತೇ ಇದ್ದೆ.

ಸ್ವಿಚ್ ಸುತ್ತ ಮಿನುಗುವ ಹಳದಿ ಚೌಕ ಇಲ್ಲ. "ಈಗ ಸ್ಪೇಸ್‌ಬಾರ್ ಒತ್ತಿ" ಅನ್ನುವ ದನಿ ಇಲ್ಲ. ಬ್ಯಾಟರಿ ಆನ್ ಮಾಡಿದೆ, ಅಷ್ಟೇ. ಮುಂದೆ ಏನು ಅಂತ ತಲೆಗೆ ಹೊಳೆಯಲೇ ಇಲ್ಲ. ಇಪ್ಪತ್ತು ನಿಮಿಷ ಕಂಡ ಕಂಡ ಸ್ವಿಚ್ ಒತ್ತಿ, ಕೊನೆಗೆ ಕಂಪ್ಯೂಟರ್ ಆಫ್ ಮಾಡಿ ಮಲಗಿದೆ.

ಒಂದು ತಿಂಗಳು ನಾನು ಕಲಿತದ್ದಾದರೂ ಏನು? ನನಗೆ ಮಾತ್ರ ಹೀಗಾ?

ನಿಧಾನಿ
ನಿಮಗೆ ಮಾತ್ರ ಅಲ್ಲ. ನಿಮ್ಮ ಪೋಸ್ಟ್ ಓದಿ ನನ್ನ ಹಳೆಯ ಡೈರಿ ಯಾರೋ ಓದಿದ ಹಾಗೆ ಆಯಿತು.

ನೀವು ಕಲಿತದ್ದು ಹಳದಿ ಚೌಕ ಎಲ್ಲಿದೆ ಅಂತ ಹುಡುಕುವುದನ್ನು. ಅದನ್ನು ಚೆನ್ನಾಗಿಯೇ ಕಲಿತಿದ್ದೀರಿ. ವಿಮಾನವನ್ನು ಇನ್ನೂ ಶುರು ಮಾಡಿಲ್ಲ, ಅಷ್ಟೇ.

ಥ್ರಾಟಲ್_ತಿಮ್ಮ
ಗುರುವೇ, ಎಂಜಿನ್ ಸ್ಟಾರ್ಟ್ ಯಾರಿಗೆ ಬೇಕು? ರನ್‌ವೇ ಮೇಲೆ ಎಂಜಿನ್ ಆನ್ ಆಗಿರುವ ವಿಮಾನ ಇಟ್ಟುಕೊಳ್ಳಿ, ಹಾರಿ. ಆರು ತಿಂಗಳು ನಾನು ಹಾಗೇ ಹಾರಿಸಿದ್ದು. ಸ್ವಿಚ್ ಒತ್ತುವುದೇ ಆಸೆ ಆಗಿದ್ದರೆ ಮನೆಯ ಫ್ಯೂಸ್ ಬಾಕ್ಸ್ ಹತ್ತಿರ ನಿಂತರೆ ಸಾಲದಾ.

ಪುಸ್ತಕದ_ಹುಳು
ತಿಮ್ಮ ಅವರೇ, ಅರ್ಧ ಒಪ್ಪುತ್ತೇನೆ. ಹೊಸಬರು ಮೊದಲು ಹಾರುವುದನ್ನು ಕಲಿಯಬೇಕು, ಸ್ಟಾರ್ಟ್ ಆಮೇಲೆ ಆದರೂ ನಡೆಯುತ್ತದೆ. ಆದರೆ "ಯಾರಿಗೆ ಬೇಕು" ಅನ್ನುವುದನ್ನು ಒಪ್ಪಲ್ಲ. ವಿಮಾನದ ಯಾವ ಭಾಗಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ ಅಂತ ತಿಳಿಯುವುದು ಸ್ಟಾರ್ಟ್ ಮಾಡುವಾಗಲೇ. ಅದು ಗೊತ್ತಿಲ್ಲದವರಿಗೆ ಆಕಾಶದಲ್ಲಿ ಒಂದು ಕೆಂಪು ದೀಪ ಹತ್ತಿದರೆ ಸಾಕು, ಕೈಕಾಲು ಆಡುವುದಿಲ್ಲ.

ಹೊಸಹಕ್ಕಿ ಅವರೇ, ನೀವು ಸಾಲಾಗಿ ಬಾಯಿಪಾಠ ಮಾಡಲು ಹೋಗಿದ್ದೀರಿ. ಮೂವತ್ತು ಸ್ವಿಚ್‌ನ ಸಾಲು ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಅದರ ಬದಲು ಪ್ರತಿ ಸ್ವಿಚ್ ಮುಂದೆ "ಯಾಕೆ" ಅಂತ ಕೇಳಿಕೊಳ್ಳಿ. ನಾನು ಮಾಡಿಕೊಂಡ ಕಥೆ ಇದು:

ದೊಡ್ಡ ಎಂಜಿನ್ ತಾನಾಗಿ ತಿರುಗಲ್ಲ. ಅದನ್ನು ತಿರುಗಿಸಲು ಒಂದು ಪುಟ್ಟ ಟರ್ಬೈನ್ ಇದೆ, ಅದೇ ಜೆಎಫ್‌ಎಸ್, ಜೆಟ್ ಫ್ಯೂಯೆಲ್ ಸ್ಟಾರ್ಟರ್. ಆ ಪುಟ್ಟದ್ದೂ ತಾನಾಗಿ ತಿರುಗಲ್ಲ! ಅದನ್ನು ತಿರುಗಿಸಲು ಎರಡು ಅಕ್ಯುಮ್ಯುಲೇಟರ್‌ಗಳಲ್ಲಿ ಒತ್ತಡ ತುಂಬಿ ಇಟ್ಟಿರುತ್ತಾರೆ. ಸ್ವಿಚ್‌ನಲ್ಲಿ "ಸ್ಟಾರ್ಟ್ 1" ಅಂದರೆ ಒಂದನ್ನು ಖರ್ಚು ಮಾಡು, "ಸ್ಟಾರ್ಟ್ 2" ಅಂದರೆ ಎರಡನ್ನೂ ಖರ್ಚು ಮಾಡು. ಬ್ಯಾಟರಿ ಯಾಕೆ ಮೊದಲು? ಇದನ್ನೆಲ್ಲ ಶುರು ಮಾಡಿಸಲು ಬೇಕಾದ ಕರೆಂಟ್ ಅಲ್ಲಿಂದಲೇ ಬರಬೇಕು. ಥ್ರಾಟಲ್ (ಇಂಧನ ಬಿಡುವ ಹಿಡಿ) ಯಾಕೆ ಆರ್‌ಪಿಎಂ 20 ಶೇಕಡಾ ಆಗುವ ತನಕ ಆಫ್‌ನಲ್ಲೇ ಇರಬೇಕು? ಗಾಳಿ ಸಾಕಷ್ಟು ಒಳಗೆ ಬರುವ ಮೊದಲೇ ಇಂಧನ ಬಿಟ್ಟರೆ ಒಳಗೆ ಬಿಸಿ ಏರಿ ಎಂಜಿನ್ ಕೆಡುತ್ತದೆ. ಎಂಜಿನ್ ತನ್ನ ಕಾಲ ಮೇಲೆ ನಿಂತ ಮೇಲೆ ಜೆಎಫ್‌ಎಸ್ ಸ್ವಿಚ್ ತಾನಾಗೇ ಆಫ್‌ಗೆ ಬೀಳುತ್ತದೆ.

ಪುಟ್ಟದ್ದು ದೊಡ್ಡದನ್ನು ಎಬ್ಬಿಸುತ್ತದೆ, ದೊಡ್ಡದು ಎದ್ದು ಜನರೇಟರ್ ತಿರುಗಿಸುತ್ತದೆ, ಜನರೇಟರ್ ಬಂದ ಮೇಲೆ ಕಂಪ್ಯೂಟರ್‌ಗಳು ಏಳುತ್ತವೆ. ಈ ಕಥೆ ಗೊತ್ತಿದ್ದರೆ ಸಾಲು ಮರೆತರೂ ನೀವೇ ಕಟ್ಟಿಕೊಳ್ಳಬಹುದು.

ಹೊಸಹಕ್ಕಿ
ಒಂದು ತಿಂಗಳಲ್ಲಿ ಯಾರೂ ನನಗೆ ಹೀಗೆ ಹೇಳಿರಲಿಲ್ಲ. ಟ್ರೈನಿಂಗ್‌ನಲ್ಲಿ "ಜೆಎಫ್‌ಎಸ್ ಸ್ವಿಚ್ ಸ್ಟಾರ್ಟ್ 2ಕ್ಕೆ ಹಾಕಿ" ಅಷ್ಟೇ. ಸ್ಟಾರ್ಟ್ 1 ಯಾಕಿದೆ ಅಂತ ಕೇಳಬೇಕು ಅಂತಲೂ ಅನಿಸಿರಲಿಲ್ಲ.

ಇನ್ನೊಂದು ಸಂಕಟ. ಒಂದು ಮಿಷನ್‌ನಲ್ಲಿ ದನಿ ಹೇಳುವ ಮೊದಲೇ ಒಂದು ಸ್ವಿಚ್ ಒತ್ತಿಬಿಟ್ಟೆ. ಆಮೇಲೆ ಅದು ಮುಂದಕ್ಕೇ ಹೋಗಲಿಲ್ಲ. "ಸ್ವಿಚ್ ಆನ್ ಮಾಡಿ" ಅನ್ನುತ್ತದೆ, ಅದು ಆಗಲೇ ಆನ್ ಇದೆ. ಆಫ್ ಮಾಡಿ ಮತ್ತೆ ಆನ್ ಮಾಡಿದರೂ ಕೇಳಲ್ಲ. ಮೊದಲಿಂದ ಶುರು.

ಮೋಡದ_ಮರೆ
ಹ್ಹಹ್ಹ, ಅದೊಂದು ಶಾಪ. ಆ ಮಿಷನ್‌ಗಳು ಒಳಗೆ ಟ್ರಿಗರ್‌ಗಳ ಮೇಲೆ ನಡೆಯುತ್ತವೆ. ಒಂದು ಷರತ್ತು ಸರಿಯಾದ ಹೊತ್ತಿಗೆ ಪೂರ್ತಿ ಆದರೆ ಮಾತ್ರ ಮುಂದಿನದು ತೆರೆಯುತ್ತದೆ. ಅವಸರ ಮಾಡಿದವರು ಸಿಕ್ಕಿಬೀಳುತ್ತಾರೆ. ಸಿಮ್ ಅಪ್‌ಡೇಟ್ ಆಗಿ ಹಳೆಯ ಮಿಷನ್ ಹಾಗೇ ಉಳಿದಿದ್ದರೂ ಇದೇ ಗತಿ. ಮೇಷ್ಟ್ರು ಒಂದು ಪುಟ, ಪುಸ್ತಕ ಇನ್ನೊಂದು ಪುಟ.

ನನ್ನ ಉಪಾಯ: ಸಿಕ್ಕಿಬಿದ್ದರೆ ಮಿಷನ್ ಬಿಡಬೇಡಿ. ದನಿಯನ್ನು ಅದರ ಪಾಡಿಗೆ ಬಿಟ್ಟು ಉಳಿದದ್ದನ್ನು ನೀವೇ ಮಾಡಿ. ಟಿಕ್ ಬೀಳಲ್ಲ, ಪರವಾಗಿಲ್ಲ. ನಾನು ನಿಜವಾಗಿ ಕಲಿತದ್ದು ಕೆಟ್ಟು ನಿಂತ ಮಿಷನ್‌ಗಳಲ್ಲೇ.

ಪುಸ್ತಕದ_ಹುಳು
ಇದಕ್ಕೇ ನನಗೆ ಫಾಲ್ಕನ್ ಬಿಎಂಎಸ್ ಅನ್ನುವ ಸಿಮ್‌ನ ರೀತಿ ಇಷ್ಟ. ಅದರ ಟ್ರೈನಿಂಗ್ ಮಿಷನ್‌ನಲ್ಲಿ ಯಾರೂ ಪಕ್ಕದಲ್ಲಿ ಕೂತು ಹೇಳಿಕೊಡಲ್ಲ. ಜೊತೆಗೊಂದು ತರಬೇತಿ ಕೈಪಿಡಿ ಇದೆ. ಆ ಮಿಷನ್‌ನ ಅಧ್ಯಾಯ ಓದಬೇಕು, ಆಮೇಲೆ ಹೋಗಿ ಮಾಡಬೇಕು. ಮೂಲ ಫಾಲ್ಕನ್ 4.0 ಬಂದದ್ದು 1998ರಲ್ಲಿ. ಆಗಲೇ ಪೆಟ್ಟಿಗೆಯೊಳಗೆ ಬೈಂಡರ್‌ನಲ್ಲಿ ದಪ್ಪ ಕೈಪಿಡಿ ಕೊಡುತ್ತಿದ್ದರು. ಓದುವಾಗ ಒಮ್ಮೆ, ಮಾಡುವಾಗ ಒಮ್ಮೆ, ಮರೆತು ಮತ್ತೆ ಪುಟ ತಿರುವುವಾಗ ಇನ್ನೊಮ್ಮೆ ತಲೆಗೆ ಹೋಗುತ್ತದೆ.

ಥ್ರಾಟಲ್_ತಿಮ್ಮ
ಶುರುವಾಯ್ತು ನೋಡಿ. ಸಿಮ್ ಹೆಸರು ಬಂತು.

ಓದಿ ಕಲಿಯುವವರು ಇದ್ದಾರೆ, ಒಪ್ಪಿದೆ. ನನಗೆ ಪುಸ್ತಕ ತೆಗೆದರೆ ಮೂರನೇ ಪುಟಕ್ಕೆ ನಿದ್ದೆ. ಡಿಸಿಎಸ್ ಅನ್ನುವ ಇನ್ನೊಂದು ಸಿಮ್ ಥರ ದನಿ ಬಂದು, ಸ್ವಿಚ್ ತೋರಿಸಿ, "ಇದನ್ನು ಒತ್ತು" ಅಂದಿರದಿದ್ದರೆ ನಾನು ಮೊದಲನೇ ದಿನವೇ ಬಿಟ್ಟು ಹೋಗುತ್ತಿದ್ದೆ. ಐನೂರು ಸ್ವಿಚ್ ಇರುವ ಹಾಗೆ ಕಾಣುವ ಕಾಕ್‌ಪಿಟ್‌ನಲ್ಲಿ ಮೊದಲ ದಿನ ಯಾರಾದರೂ ಕೈ ಹಿಡಿಯಬೇಕು ಮಾರಾಯ್ರೇ.

ನಿಧಾನಿ
ಮೊದಲ ದಿನ ಕೈ ಹಿಡಿಯಬೇಕು, ಸರಿ. ಎಷ್ಟನೇ ದಿನ ಬಿಡಿಸಿಕೊಳ್ಳಬೇಕು ಅನ್ನುವುದೇ ಇಲ್ಲಿ ಪ್ರಶ್ನೆ. ನನ್ನ ಲೆಕ್ಕದಲ್ಲಿ ಎರಡನೇ ದಿನ.

ನಾನು ಮಾಡುವುದು ಹೀಗೆ. ಮಿಷನ್ ಒಮ್ಮೆ ಅದು ಹೇಳಿದ ಹಾಗೆ ಮಾಡುತ್ತೇನೆ. ಮುಗಿದ ಕೂಡಲೇ ಪೆನ್ನು ತೆಗೆದು ನೆನಪಿದ್ದಷ್ಟು ಬರೆಯುತ್ತೇನೆ. ನೋಡಿಕೊಂಡು ಬರೆಯಬಾರದು, ಅದು ಮುಖ್ಯ. ಮೊದಲ ಸಲ ಮೂವತ್ತರಲ್ಲಿ ಹನ್ನೊಂದು ಬರೆದಿದ್ದೆ. ಮಾರನೇ ದಿನ ಖಾಲಿ ವಿಮಾನದಲ್ಲಿ ಆ ಹನ್ನೊಂದು ಸಾಲು ಇಟ್ಟುಕೊಂಡು ಕೂರುತ್ತೇನೆ. ಎಲ್ಲಿ ನಿಲ್ಲುತ್ತೇನೋ ಅಲ್ಲಿ ಮಾತ್ರ ಕೈಪಿಡಿ ತೆಗೆಯುವುದು. ನಾಲ್ಕೈದು ದಿನದಲ್ಲಿ ಕಾಗದ ಬೇಕಾಗಲ್ಲ.

ನಿಜವಾದ ಪೈಲಟ್‌ಗಳು ಇನ್ನೊಂದು ಮಾಡುತ್ತಾರೆ, ಚೇರ್ ಫ್ಲೈಯಿಂಗ್. ಸುಮ್ನೆ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಕೈಯನ್ನು ಸ್ವಿಚ್ ಇರುವ ಜಾಗಕ್ಕೆ ಒಯ್ಯುವುದು. ಎಡಗಡೆ ಪ್ಯಾನೆಲ್, ಮುಂದೆ, ಬಲಗಡೆ. ಯಾರಾದರೂ ನೋಡಿದರೆ ಹುಚ್ಚು ಅಂದುಕೊಳ್ಳುತ್ತಾರೆ. ಬಾಗಿಲು ಹಾಕಿಕೊಳ್ಳಿ.

ಪ್ರೊಪೆಲ್ಲರ್_ಪ್ರಿಯ
ತಡವಾಗಿ ಬಂದೆ. ನನ್ನ ಮಾತು ಯಾರಿಗೂ ಇಷ್ಟ ಆಗಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. ಎಫ್-16ರಿಂದ ಶುರು ಮಾಡಿದ್ದೇ ತಪ್ಪು. ಅದು ನೀವು ಮಾಡುವ ತಪ್ಪುಗಳನ್ನು ಮುಚ್ಚುತ್ತದೆ. ಕಡ್ಡಿ (ವಿಮಾನ ತಿರುಗಿಸುವ ಸ್ಟಿಕ್) ಬಿಟ್ಟರೂ ನೇರ ಹೋಗುತ್ತದೆ, ಜೋರಾಗಿ ಎಳೆದರೆ ಕಂಪ್ಯೂಟರ್ ಮಿತಿ ಹಾಕುತ್ತದೆ. ಹಾರುವುದು ಅಂದರೇನು ಅಂತ ಗೊತ್ತಾಗಬೇಕಾದರೆ ಪ್ರೊಪೆಲ್ಲರ್ ಹಿಡಿಯಿರಿ. ಡಿಸಿಎಸ್‌ನಲ್ಲಿ ಟಿಎಫ್-51ಡಿ ಪುಕ್ಕಟೆ ಬರುತ್ತದೆ. ಪಿ-51 ಮಸ್ಟಾಂಗ್‌ನ ಬಂದೂಕಿಲ್ಲದ ರೂಪ. ಎಸ್‌ಯು-25ಟಿ ಅನ್ನುವ ಜೆಟ್ ಕೂಡ ಪುಕ್ಕಟೆಯೇ.

ಮಸ್ಟಾಂಗ್‌ನಲ್ಲಿ ಥ್ರಾಟಲ್ ಒಮ್ಮೆಲೇ ತಳ್ಳಿ ನೋಡಿ. ವಿಮಾನ ಎಡಕ್ಕೆ ಹುಲ್ಲಿನ ಮೇಲೆ ಹೋಗುತ್ತದೆ. ಬಲಗಾಲಿನ ರಡ್ಡರ್ (ಮೂಗನ್ನು ಎಡಬಲಕ್ಕೆ ತಿರುಗಿಸುವ ಪೆಡಲ್) ಕೊಡಲೇಬೇಕು. ಇನ್ನೊಂದು ಸೊಗಸು ಬಾಲದ ಚಕ್ರ. ಕಡ್ಡಿ ನಡುವೆ ಅಥವಾ ಹಿಂದೆ ಇದ್ದರೆ ಚಕ್ರ ರಡ್ಡರ್ ಜೊತೆ ಕೂಡಿಕೊಂಡು ಎಡಕ್ಕೂ ಬಲಕ್ಕೂ 6 ಡಿಗ್ರಿ ಮಾತ್ರ ತಿರುಗುತ್ತದೆ. ಕಡ್ಡಿ ಮುಂದೆ ತಳ್ಳಿದರೆ ಬಿಟ್ಟು ಬಿಡುತ್ತದೆ, ಗಿರಗಿರ ತಿರುಗಬಹುದು. ಇದು ಗೊತ್ತಿಲ್ಲದೆ ಎರಡು ದಿನ ರನ್‌ವೇ ಮೇಲೆ ಬುಗುರಿ ಆಡಿದ್ದೇನೆ.

ಥ್ರಾಟಲ್_ತಿಮ್ಮ
ಅಣ್ಣ, ಅವರು ಈಜು ಕಲಿಸಿ ಅಂದರೆ ನೀವು ಮೊದಲು ಮೀನಾಗಿ ಹುಟ್ಟಿ ಬಾ ಅನ್ನುತ್ತಿದ್ದೀರಲ್ಲ.

ಪ್ರೊಪೆಲ್ಲರ್_ಪ್ರಿಯ
ಮೀನಿಗೆ ಮುಳುಗುವ ಭಯ ಇಲ್ಲ ತಮ್ಮಾ.

ಹೊಸಹಕ್ಕಿ
ಎರಡು ವಾರ ಆಯಿತು, ಒಂದು ವರದಿ ಕೊಡೋಣ ಅಂತ ಬಂದೆ.

ಎಂಜಿನ್ ಸ್ಟಾರ್ಟ್ ಆಗುತ್ತಿದೆ! ಪುಟ್ಟದು, ದೊಡ್ಡದು ಅನ್ನುವ ಕಥೆ ಕೆಲಸ ಮಾಡಿತು. ನಿಧಾನಿ ಅವರ ಪೆನ್ನಿನ ಉಪಾಯವೂ. ನನ್ನ ಮೊದಲ ಲೆಕ್ಕ ಮೂವತ್ತಕ್ಕೆ ಏಳು.

ಒಂದು ತಪ್ಪು ಮಾತ್ರ ಮೂರು ಸಲ ಮಾಡಿದೆ. ಐಎನ್‌ಎಸ್ (ವಿಮಾನ ಎಲ್ಲಿದೆ ಅಂತ ಲೆಕ್ಕ ಇಡುವ ಯಂತ್ರ) ಅಲೈನ್‌ಮೆಂಟ್‌ಗೆ ಗುಂಡಿಯನ್ನು ನಾರ್ಮ್‌ಗೆ ತಿರುಗಿಸಿ, ಸುಮಾರು ಎಂಟು ನಿಮಿಷ ಕಾದು, ಅದನ್ನು ನ್ಯಾವ್‌ಗೆ ತಿರುಗಿಸದೆ ಟ್ಯಾಕ್ಸಿ ಶುರು ಮಾಡಿದೆ. ಟ್ರೈನಿಂಗ್‌ನಲ್ಲಿ ಆ ಎಂಟು ನಿಮಿಷ ಕಾಯಿಸಲೇ ಇಲ್ಲ, ಬೇಗ ಮುಗಿಸಿಬಿಟ್ಟಿದ್ದರು. ಹಾಗಾಗಿ ಅದೊಂದು ಕಾಯುವ ಕೆಲಸ ಅಂತ ನನಗೆ ಗೊತ್ತೇ ಇರಲಿಲ್ಲ.

ಈಗ ಹೊಸ ಕಷ್ಟ, ಲ್ಯಾಂಡಿಂಗ್. ಟ್ರೈನಿಂಗ್‌ನಲ್ಲಿ ನಾಲ್ಕು ಸಲ ಇಳಿಸಿದ್ದೆ. ಈಗ ಒಂದೂ ಆಗುತ್ತಿಲ್ಲ. ರನ್‌ವೇ ಹತ್ತಿರ ಬಂದ ಕೂಡಲೇ ಮೂಗು ಮೇಲೆ, ಕೆಳಗೆ, ಮೇಲೆ, ಕೆಳಗೆ. ಕಪ್ಪೆ ಕುಪ್ಪಳಿಸಿದ ಹಾಗೆ. ಕೊನೆಗೆ ಬೆಂಕಿ.

ರಡಾರ್_ರಾತ್ರಿ
ಆ ಕಪ್ಪೆಯಾಟಕ್ಕೆ ಹೆಸರೇ ಇದೆ, ಪಿಐಒ. ಪೈಲಟ್ ತಾನೇ ಹುಟ್ಟಿಸುವ ತೂಗಾಟ. ಮೂಗು ಏರಿತು ಅಂತ ತಳ್ಳುತ್ತೀರಿ, ತಳ್ಳಿದ್ದು ಜಾಸ್ತಿ ಆಗಿ ಎಳೆಯುತ್ತೀರಿ, ನಿಮ್ಮ ಕೈ ಯಾವಾಗಲೂ ವಿಮಾನಕ್ಕಿಂತ ಅರ್ಧ ಹೆಜ್ಜೆ ಹಿಂದೆ.

ಬೇಜಾರು ಮಾಡಬೇಡಿ. ಎಫ್-16ರ ಮೊದಲ ಹಾರಾಟವೇ ಇಂಥದ್ದೊಂದು ತೂಗಾಟದಿಂದ ಆದದ್ದು. 1974ರ ಜನವರಿ 20, ಎಡ್ವರ್ಡ್ಸ್ ವಾಯುನೆಲೆ. ವೈಎಫ್-16 ಅವತ್ತು ಹಾರಬೇಕಿರಲಿಲ್ಲ, ರನ್‌ವೇ ಮೇಲೆ ಜೋರಾಗಿ ಓಡಿಸಿ ನೋಡುವ ಪರೀಕ್ಷೆ ಅಷ್ಟೇ. ಓಡುವಾಗ ವಿಮಾನ ಎಡಕ್ಕೂ ಬಲಕ್ಕೂ ಹೊಯ್ದಾಡಲು ಶುರುವಾಯಿತು, ನೆಲಕ್ಕೂ ತಾಗಿತು, ರನ್‌ವೇ ಬಿಟ್ಟು ಪಕ್ಕಕ್ಕೆ ಸರಿಯತೊಡಗಿತು. ಪೈಲಟ್ ಫಿಲ್ ಓಸ್ಟ್ರಿಚರ್ ನೆಲದ ಮೇಲೆ ಗುದ್ದಾಡುವುದಕ್ಕಿಂತ ಹಾರುವುದೇ ವಾಸಿ ಅಂತ ಮೇಲಕ್ಕೆತ್ತಿದರು. ಆರು ನಿಮಿಷ ಸುತ್ತಿ ಇಳಿಸಿದರು. ಅಧಿಕೃತ ಮೊದಲ ಹಾರಾಟ ಆಮೇಲೆ ಫೆಬ್ರವರಿ 2ಕ್ಕೆ.

ಮೊದಲು ಆ ವಿಮಾನದ ಕಡ್ಡಿ ಅಲುಗಾಡುತ್ತಲೇ ಇರಲಿಲ್ಲ. ಕೈ ಎಷ್ಟು ಒತ್ತುತ್ತದೆ ಅಂತ ಮಾತ್ರ ಅಳೆಯುತ್ತಿತ್ತು. ಪೈಲಟ್‌ಗಳಿಗೆ ಅಂದಾಜು ಸಿಗಲಿ ಅಂತ ಆಮೇಲೆ ಚೂರು ಅಲುಗಾಟ ಕೊಟ್ಟರು. ನಿಮ್ಮ ಜಾಯ್‌ಸ್ಟಿಕ್ ಇಷ್ಟುದ್ದ ಓಡಾಡುತ್ತದೆ, ಹಾಗಾಗಿ ಪಿಚ್‌ಗೆ (ಮೂಗು ಮೇಲೆ ಕೆಳಗೆ ಆಡಿಸುವುದಕ್ಕೆ) ಸ್ವಲ್ಪ ಕರ್ವ್ ಹಾಕಿಕೊಳ್ಳಿ, ಅಂದರೆ ಕಡ್ಡಿ ನಡುವೆ ಚೂರು ಅಲುಗಿದರೆ ವಿಮಾನ ಕಡಿಮೆ ಅಲುಗುವ ಹಾಗೆ. ಕರ್ವ್ ಹಾಕಿದ ಮೇಲೂ ಎರಡು ಬೆರಳಲ್ಲಿ ಹಿಡಿಯಿರಿ, ಮುಷ್ಟಿಯಲ್ಲಿ ಬೇಡ.

ಪುಸ್ತಕದ_ಹುಳು
ಕೈಯ ವಿಷಯ ಸರಿ. ಆದರೆ ಹೊಸಹಕ್ಕಿ ಅವರೇ, ನೀವು ನೋಡುತ್ತಿರುವುದು ಏನನ್ನು? ವೇಗದ ಅಂಕಿ ನೋಡುತ್ತಿದ್ದೀರಿ ಅಂತ ನನ್ನ ಗುಮಾನಿ.

ಹೊಸಹಕ್ಕಿ
ಹೌದು. ಟ್ರೈನಿಂಗ್‌ನಲ್ಲಿ ಹೇಳಿದ ವೇಗವನ್ನೇ ಹಿಡಿಯಲು ನೋಡುತ್ತಿದ್ದೇನೆ.

ಪುಸ್ತಕದ_ಹುಳು
ಅಲ್ಲೇ ಇರುವುದು ಕೀಲಿ. ಆ ವೇಗ ಆ ಮಿಷನ್‌ನ ತೂಕಕ್ಕೆ ಸರಿ. ನೀವು ಈಗ ಟ್ಯಾಂಕ್ ತುಂಬಾ ಇಂಧನ, ರೆಕ್ಕೆಯಡಿ ಉಳಿದ ಬಾಂಬ್ ಇಟ್ಟುಕೊಂಡು ಅದೇ ವೇಗದಲ್ಲಿ ಬರುತ್ತಿದ್ದೀರಿ. ತೂಕ ಬದಲಾದರೆ ವೇಗ ಬದಲಾಗುತ್ತದೆ. ಬದಲಾಗದೇ ಇರುವುದು ಕೋನ, ಅಂದರೆ ಎಒಎ. ಬರುವ ಗಾಳಿಗೆ ವಿಮಾನ ಎಷ್ಟು ಮೂಗೆತ್ತಿದೆ ಅನ್ನುವುದು. 11ರಿಂದ 13 ಡಿಗ್ರಿ ಒಳಗೆ ಇಟ್ಟುಕೊಳ್ಳಿ.

ಚಕ್ರ ಇಳಿಸಿದ ಮೇಲೆ ಹಡ್‌ನಲ್ಲಿ (ಕಣ್ಣೆದುರಿನ ಗಾಜಿನ ಪರದೆ) ಒಂದು ಬ್ರಾಕೆಟ್ ಬರುತ್ತದೆ. ಅದರ ಮೇಲ್ತುದಿ 11, ನಡು 13, ಕೆಳತುದಿ 15. ವಿಮಾನ ನಿಜವಾಗಿ ಹೋಗುತ್ತಿರುವ ದಿಕ್ಕು ತೋರಿಸುವ ಆ ಪುಟ್ಟ ಉಂಗುರ ಇದೆಯಲ್ಲ, ಎಫ್‌ಪಿಎಂ, ಅದನ್ನು ರನ್‌ವೇ ಶುರುವಾಗುವ ಜಾಗದ ಮೇಲೆ ಇಡಿ. ಆಮೇಲೆ ಅದಕ್ಕೆ ಬ್ರಾಕೆಟ್ ಹೊಂದುವ ಹಾಗೆ ಥ್ರಾಟಲ್ ಆಡಿಸಿ. ಗುಡ್ಡದಿಂದ ಜಾರಿದ ಹಾಗೆ ಇಳಿಯುವುದು ಬೇಡ, ಎರಡೂವರೆ ಮೂರು ಡಿಗ್ರಿ ಇಳಿಜಾರು ಸಾಕು.

ಚಕ್ರ ತಾಗಿದ ಮೇಲೆ ಮೂಗು ಕೂಡಲೇ ಇಳಿಸಬೇಡಿ. 13 ಡಿಗ್ರಿಯಲ್ಲಿ ಎತ್ತಿ ಹಿಡಿಯಿರಿ, ಇಡೀ ವಿಮಾನವೇ ಬ್ರೇಕ್ ಆಗುತ್ತದೆ. ವೇಗ 100 ನಾಟ್ ಹತ್ತಿರ ಬಂದ ಮೇಲೆ ಮೆಲ್ಲಗೆ ಇಳಿಸಿ. 15 ದಾಟಿದರೆ ಹಿಂಭಾಗ ನೆಲಕ್ಕೆ ಉಜ್ಜುತ್ತದೆ, ಜೋಕೆ.

ಮೋಡದ_ಮರೆ
ಮತ್ತೆ, ಇಳಿಯುವುದು ರನ್‌ವೇ ಹತ್ತಿರ ಶುರುವಾಗಲ್ಲ. ಹತ್ತು ಮೈಲಿ ಮೊದಲೇ ಶುರುವಾಗುತ್ತದೆ. ಟ್ರೈನಿಂಗ್‌ನಲ್ಲಿ ನಿಮ್ಮನ್ನು ಸರಿಯಾದ ಎತ್ತರ, ಸರಿಯಾದ ದಿಕ್ಕಿನಲ್ಲಿ ತಂದು ಕೂರಿಸಿರುತ್ತಾರೆ. ಅರ್ಧ ಲ್ಯಾಂಡಿಂಗ್ ಅವರೇ ಮಾಡಿ ಕೊಟ್ಟ ಹಾಗೆ. ಅದಕ್ಕೇ ಅಲ್ಲಿ ನಾಲ್ಕು ಸಲ ಆಯಿತು.

ಟ್ರಿಮ್ ಹಾಕಿ, ಕಡ್ಡಿ ಒತ್ತಿ ಹಿಡಿಯದೆಯೂ ವಿಮಾನ ಹಾಗೇ ಇರಲಿ. ಚಕ್ರವನ್ನು 300 ನಾಟ್ ಕೆಳಗೆ ಬಂದ ಮೇಲೇ ಇಳಿಸಿ. ಸರಿ ಕಾಣದಿದ್ದರೆ ಸುತ್ತು ಹೊಡೆದು ಮತ್ತೆ ಬನ್ನಿ. ಹಾಳಾದ ಇಳಿಕೆಯನ್ನು ಉಳಿಸಲು ಹೋಗಿಯೇ ಜಾಸ್ತಿ ಜನ ಸಾಯುವುದು, ನನ್ನನ್ನೂ ಸೇರಿಸಿ.

ಥ್ರಾಟಲ್_ತಿಮ್ಮ
ತಲೆ ತಿರುಗಿಸಿದರೆ ಪರದೆಯ ನೋಟವೂ ತಿರುಗುವ ವ್ಯವಸ್ಥೆ ಇದೆಯಾ ಹೊಸಹಕ್ಕಿ ಅವರ ಹತ್ತಿರ? ಜಾಯ್‌ಸ್ಟಿಕ್ ಮೇಲಿನ ಪುಟ್ಟ ಹ್ಯಾಟ್ ಬಟನ್‌ನಲ್ಲಿ ಕಣ್ಣು ತಿರುಗಿಸುತ್ತಾ ಸುತ್ತು ಹೊಡೆಯುವುದು ನರಕ. ಓಪನ್‌ಟ್ರ್ಯಾಕ್ ಅಂತ ಇದೆ, ಪುಕ್ಕಟೆ. ಸಾಧಾರಣ ವೆಬ್‌ಕ್ಯಾಮ್ ಇದ್ದರೂ ನಡೆಯುತ್ತದೆ. ರನ್‌ವೇ ನಿಮ್ಮ ಭುಜದ ಹಿಂದೆ ಎಲ್ಲಿದೆ ಅಂತ ನೋಡಲು ಬಂದ ದಿನ ನನ್ನ ಲ್ಯಾಂಡಿಂಗ್ ಸರಿ ಹೋಯಿತು. ಪುಸ್ತಕದಿಂದ ಅಲ್ಲ.

ಪುಸ್ತಕದ_ಹುಳು
ಅದನ್ನೂ ಒಪ್ಪುತ್ತೇನೆ. ಒಂದೇ ಚರ್ಚೆಯಲ್ಲಿ ಎರಡು ಸಲ ನಿಮ್ಮನ್ನು ಒಪ್ಪಿದ್ದು ಇದೇ ಮೊದಲು.

ಹೊಸಹಕ್ಕಿ
ಓಪನ್‌ಟ್ರ್ಯಾಕ್ ಹಾಕಿಕೊಂಡೆ. ಕರ್ವ್ ಹಾಕಿದೆ. ಎರಡು ಬೆರಳು. ಈಗ ಹತ್ತಕ್ಕೆ ಆರು ಸಲ ಇಳಿಯುತ್ತೇನೆ, ಅದರಲ್ಲಿ ಎರಡು ನೋಡುವ ಹಾಗೂ ಇರುತ್ತವೆ.

ಧೈರ್ಯ ಬಂದು ನಿನ್ನೆ ಒಂದು ಚಿಕ್ಕ ಮಿಷನ್ ಮಾಡಿಕೊಂಡೆ. ಒಂದು ಶತ್ರು ವಿಮಾನ, ಎರಡು ಟ್ರಕ್. ಟ್ರಕ್ ಮೇಲೆ ಬಾಂಬ್ ಹಾಕಲು ಹೋದೆ. ಗುರಿ ಸರಿಯಾಗಿತ್ತು, ಬಟನ್ ಒತ್ತಿದೆ, ಏನೂ ಬೀಳಲಿಲ್ಲ. ಸುತ್ತು ಹೊಡೆದು ಬಂದು ಮತ್ತೆ ಒತ್ತಿದೆ. ಏನೂ ಇಲ್ಲ. ಮೂರನೇ ಸಲ ಹೋಗುವಾಗ ಹೊಳೆಯಿತು, ಮಾಸ್ಟರ್ ಆರ್ಮ್ (ಆಯುಧಗಳಿಗೆಲ್ಲ ಅನುಮತಿ ಕೊಡುವ ಸ್ವಿಚ್) ಹಾಕಿಲ್ಲ. ಟ್ರೈನಿಂಗ್‌ನಲ್ಲಿ ಅದು ಮೊದಲೇ ಹಾಕಿತ್ತು!

ಟಾರ್ಗೆಟಿಂಗ್ ಪಾಡ್‌ನಲ್ಲಿ (ಗುರಿ ನೋಡುವ ಕ್ಯಾಮೆರಾ) ಟ್ರಕ್ ಲಾಕ್ ಮಾಡಲು ಟಿಎಂಎಸ್ (ಗುರಿ ಹಿಡಿಯುವ ಬಟನ್) ಮೇಲಕ್ಕೆ ಒತ್ತಿದರೆ ಏನೂ ಆಗುತ್ತಿಲ್ಲ. ಇದು ಯಾಕೆ?

ರಡಾರ್_ರಾತ್ರಿ
ಮಾಸ್ಟರ್ ಆರ್ಮ್ ಮರೆಯದವರು ಇಲ್ಲಿ ಯಾರೂ ಇಲ್ಲ. ಮರೆತಿಲ್ಲ ಅನ್ನುವವರು ಸುಳ್ಳು ಹೇಳುತ್ತಿದ್ದಾರೆ.

ಲಾಕ್ ಆಗದ್ದು ಎಸ್‌ಒಐ ತೊಂದರೆ. ಈ ವಿಮಾನದಲ್ಲಿ ಕಡ್ಡಿಯ ಬಟನ್‌ಗಳ ಮಾತನ್ನು ಒಂದು ಹೊತ್ತಿಗೆ ಒಂದೇ ಪರದೆ ಕೇಳುತ್ತದೆ. ಯಾವ ಪರದೆ ಅನ್ನುವುದೇ ಎಸ್‌ಒಐ. ಪರದೆಯ ಸುತ್ತ ಗೆರೆ ಕಂಡರೆ ಕೇಳುತ್ತಿರುವುದು ಅದೇ. ಹಡ್‌ನ ಮೂಲೆಯಲ್ಲಿ ನಕ್ಷತ್ರ ಚಿಹ್ನೆ ಕಂಡರೆ ಹಡ್. ಡಿಎಂಎಸ್ (ಪರದೆ ಆರಿಸುವ ಬಟನ್) ಮೇಲಕ್ಕೆ ಒತ್ತಿದರೆ ಹಡ್‌ಗೆ ಹೋಗುತ್ತದೆ, ಕೆಳಕ್ಕೆ ಒತ್ತಿದರೆ ಕೆಳಗಿನ ಎರಡು ಪರದೆಗಳ ನಡುವೆ ಓಡಾಡುತ್ತದೆ. ನೀವು ಪಾಡ್ ನೋಡುತ್ತಾ ಹಡ್‌ಗೆ ಅಪ್ಪಣೆ ಕೊಡುತ್ತಿದ್ದೀರಿ. ಮೊದಲು ಡಿಎಂಎಸ್ ಕೆಳಕ್ಕೆ, ಆಮೇಲೆ ಟಿಎಂಎಸ್ ಮೇಲಕ್ಕೆ.

ಪ್ರೊಪೆಲ್ಲರ್_ಪ್ರಿಯ
ಮಸ್ಟಾಂಗ್‌ನಲ್ಲಿ ಒಂದು ಟ್ರಿಗರ್ ಇದೆ. ಸುಮ್ನೆ ಹೇಳಿದೆ.

ಹೊಸಹಕ್ಕಿ
ಇವತ್ತು ರಾತ್ರಿಯ ಸುದ್ದಿ. ಮೊದಲಿಂದ ಕೊನೆ ತನಕ, ಎಂಜಿನ್ ಆಫ್‌ನಿಂದ ಶುರು ಮಾಡಿ, ಕಾಗದ ನೋಡದೆ, ಒಂದು ಪೂರ್ತಿ ಹಾರಾಟ. ಅಲೈನ್‌ಮೆಂಟ್‌ಗೆ ಎಂಟು ನಿಮಿಷ ಕಾದೆ, ನ್ಯಾವ್‌ಗೆ ತಿರುಗಿಸಿದೆ (ಹೌದು!). ಮಾಸ್ಟರ್ ಆರ್ಮ್ ಹಾಕಿದೆ. ಒಂದು ಟ್ರಕ್ ಹೋಯಿತು, ಇನ್ನೊಂದು ಉಳಿಯಿತು. ಶತ್ರು ವಿಮಾನ ಹಿಂದೆ ಬಿತ್ತು. ಗಾಬರಿಯಲ್ಲಿ ಕಡ್ಡಿಯ ಮೇಲಿನ ಮಿಸೈಲ್ ಸ್ಟೆಪ್ ಬಟನ್ ಒತ್ತಿ ಒತ್ತಿ ಒಂದು ಸೈಡ್‌ವೈಂಡರ್‌ನಿಂದ ಇನ್ನೊಂದಕ್ಕೆ ಹಾರಿ, ಕೊನೆಗೆ ಎರಡನ್ನೂ ಬಿಟ್ಟೆ. ಎರಡನೆಯದು ತಾಗಿತು.

ವಾಪಸ್ ಬಂದು ಇಳಿಸಿದೆ. 12 ಡಿಗ್ರಿ, ಒಂದೇ ಸಲಕ್ಕೆ, ಕುಪ್ಪಳಿಸಲಿಲ್ಲ. ಮೂಗು ಎತ್ತಿ ಹಿಡಿದೆ, 100ಕ್ಕೆ ಇಳಿಸಿದೆ, ನಿಂತೆ.

ಈಗ ರನ್‌ವೇ ಮಧ್ಯೆ ನಿಂತಿದ್ದೇನೆ. ಆಟವನ್ನು ಪಾಜ್ ಮಾಡಿಟ್ಟು ಇದನ್ನು ಬರೆಯುತ್ತಿದ್ದೇನೆ. ವಿಮಾನ ತಿರುಗುತ್ತಿಲ್ಲ. ಮೂಗಿನ ಚಕ್ರ ತಿರುಗಿಸುವ ಬಟನ್ ಯಾವುದು ಅಂತ ಮರೆತು ಹೋಗಿದೆ. ಹೊರಡುವಾಗ ಒತ್ತಿದ್ದೆ, ಅಷ್ಟು ಗೊತ್ತು. ಯಾರಾದರೂ ಇದ್ದೀರಾ?

ನಿಧಾನಿ
ಇದ್ದೇನೆ. ಗಾಬರಿಯಲ್ಲಿ ಒತ್ತಿ ಒತ್ತಿ ಮಿಸೈಲ್ ಬದಲಿಸಿದಿರಲ್ಲ, ಅದೇ ಬಟನ್. ನೆಲದ ಮೇಲೆ ಮೂಗಿನ ಚಕ್ರ, ಗಾಳಿಯಲ್ಲಿ ಮಿಸೈಲ್.

ಥ್ರಾಟಲ್_ತಿಮ್ಮ
ಒತ್ತುವ ಮೊದಲು ವೇಗ ನೋಡಿಕೊಳ್ಳಿ. ಪಾಜ್ ತೆಗೆಯೋದು ಮರೀಬೇಡಿ.